ಚಿಮಣಿ ಸುತ್ತಿನವರಿಗೆ ಒಂದೂವರೆ

ಮಾರ್ಚ್ 4, ಮಂಗಳವಾರ

ನ್ಯಾಯಾಲಯದ ಆದೇಶ ಬಂತು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಎರಕದ ಕಾರ್ಖಾನೆ ತನ್ನ ಮೂರೂ ಕುಲುಮೆಗಳನ್ನು ಆರಿಸಬೇಕು. ಮುಂದಿನ ವಿಚಾರಣೆಯವರೆಗೆ ಹೊತ್ತಿಸುವಂತಿಲ್ಲ.

ಹನ್ನೊಂದು ವರ್ಷ. ಆ ಚಿಮಣಿಯ ಕೆಳಗಿನ ಏಳು ಬೀದಿಗಳ ಗಾಳಿಯನ್ನು ಬಿಳಿ ಕಾಗದದ ಮೇಲೆ ಹಿಡಿದು, ಕಪ್ಪಾದ ಕಾಗದವನ್ನು ತೂಗಿ, ಅದಕ್ಕೆ ಅಂಟಿದ ಡಾಂಬರನ್ನು ಕರಗಿಸಿ ಅಳೆದು ನಾನು ಒಪ್ಪಿಸಿದ ವರದಿಗಳು ಒಂದು ಕಪಾಟು ತುಂಬಿವೆ. ಪ್ರತಿ ಸಲವೂ ಕಾರ್ಖಾನೆಯ ವಕೀಲ ಅದೇ ಪ್ರಶ್ನೆ ಕೇಳಿದ: ಇದು ಬಸ್ಸಿನ ಹೊಗೆ ಯಾಕಿರಬಾರದು? ಪ್ರಶ್ನೆ ಕೇಳಲು ಅರ್ಧ ನಿಮಿಷ, ಅದಕ್ಕೆ ಉತ್ತರ ಅಳೆದು ತರಲು ಎರಡು ವರ್ಷ. ಆ ಎರಡು ವರ್ಷ ಚಿಮಣಿ ಏನು ಮಾಡುತ್ತಿರುತ್ತದೆ ಎಂದು ಯಾರೂ ಕೇಳಲಿಲ್ಲ.

ನಿರ್ದೇಶಕರು ಎಲ್ಲರನ್ನೂ ಸಭಾಂಗಣಕ್ಕೆ ಕರೆದು "ಇದು ನಮ್ಮ ಸಂಸ್ಥೆಯ ಗೆಲುವು" ಅಂದರು. ನನ್ನ ಮೊದಲ ವರದಿಯನ್ನು ಮೂರು ವರ್ಷ ಮೇಜಿನ ಖಾನೆಯಲ್ಲಿ ಮಲಗಿಸಿದ್ದವರು ಇವರೇ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಖುಷಿಯಾಗಬೇಕಿತ್ತು. ಮೈಯೆಲ್ಲ ಉರಿಯುತ್ತಿದೆ.

ಮಾರ್ಚ್ 7, ಶುಕ್ರವಾರ

ಅಕ್ಕನ ತಾರಸಿಯಿಂದ ನೋಡಿದೆ. ಅವಳ ಮನೆ ನಾಲ್ಕನೇ ಬೀದಿಯಲ್ಲಿ, ಚಿಮಣಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಎಂಟಕ್ಕೆ ನಿಲ್ಲಲಿಲ್ಲ, ಹತ್ತೂ ಕಾಲಿನವರೆಗೆ ಕಾರಿ, ಆಮೇಲೆ ತೆಳ್ಳಗಾಗಿ, ಕೊನೆಗೆ ಬರಿಯ ಇಟ್ಟಿಗೆಯ ಕಂಬ ಉಳಿಯಿತು. ಎರಡು ಗಂಟೆ ಹದಿನೈದು ನಿಮಿಷದ ಆದೇಶೋಲ್ಲಂಘನೆ ಎಂದು ಗುರುತು ಹಾಕಿಕೊಂಡೆ.

"ಬಂದ್ರಪ್ಪ ವಿಷದ ಡಾಕ್ಟ್ರು. ಕಾಫಿ ಮುಚ್ಚಿಡೇ, ಅಳೆದುಬಿಡ್ತಾಳೆ," ಎಂದರು ಭಾವ. ಮೂವತ್ತೊಂದು ವರ್ಷ ಆ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಮಾಡಿದವರು. ಇವತ್ತು ತಾರಸಿಗೆ ಬರಲೇ ಇಲ್ಲ, ಪೇಪರ್ ಮರೆಯಲ್ಲಿ ಕೂತಿದ್ದರು.

"ನಿಮಗೆ ಸಂತೋಷ ಇಲ್ವಾ ಭಾವ?"

"ಇದೆಯಮ್ಮ. ನನ್ನ ಜೊತೆ ಕೆಲಸ ಮಾಡಿದವರ ಮಕ್ಕಳು ಇವತ್ತಿಂದ ಮನೇಲಿ ಕೂತಿರ್ತಾರಲ್ಲ, ಅವರ ಮುಖ ನೋಡಿ ಸಂತೋಷಪಡ್ತೀನಿ."

ಅಕ್ಕ ನಡುವೆ ಬಾಯಿ ಹಾಕಿದಳು. "ಸಾಕು ಬಿಡ್ರಿ. ಅವಳು ನನ್ನ ಉಸಿರಿಗೋಸ್ಕರ ಬಡಿದಾಡಿದ್ದು." ಹೊಲಿಗೆ ಯಂತ್ರದ ಮುಂದೆ ಕೂತೇ ಮಾತ್ರೆ ಬಾಯಿಗೆ ಹಾಕಿಕೊಂಡಳು. ಬೆಳಿಗ್ಗೆ ಒಂದೂವರೆ, ಸಂಜೆ ಒಂದೂವರೆ.

ಆ ಅರ್ಧ ನನ್ನದು. ಉಬ್ಬಸದ ಈ ಮಾತ್ರೆಗೆ ವೈದ್ಯರ ಪುಸ್ತಕದಲ್ಲಿ ಇರುವ ಅಳತೆ ಒಂದು. ಚಿಮಣಿ ಸುತ್ತಿನವರಿಗೆ ಒಂದು ಸಾಲುತ್ತಿರಲಿಲ್ಲ, ಏದುಸಿರು ನಿಲ್ಲುತ್ತಿರಲಿಲ್ಲ. ಡಾಕ್ಟರುಗಳು ರೋಗಿಗಳನ್ನೇ ಬೈಯುತ್ತಿದ್ದರು: ಮಾತ್ರೆ ನುಂಗದೆ ಸುಳ್ಳು ಹೇಳುತ್ತೀರಿ ಎಂದು. ನಾನು ನಲವತ್ತಮೂರು ಜನರ ರಕ್ತ ತೆಗೆಸಿ, ಅದರಲ್ಲಿ ಔಷಧ ಎಷ್ಟು ಉಳಿದಿದೆ ಎಂದು ತಿಂಗಳು ತಿಂಗಳು ಅಳೆಸಿದೆ. ಹೊಗೆಯ ಡಾಂಬರು ಪಿತ್ತಜನಕಾಂಗವನ್ನು ಕೆರಳಿಸುತ್ತದೆ. ಕೆರಳಿದ ಅಂಗ ಔಷಧವನ್ನು ಬೇಗ ಬೇಗ ಒಡೆದು ಹಾಕುತ್ತದೆ. ಎರಡು ವರ್ಷದ ಹಿಂದೆ ಇದನ್ನು ಆರು ಪುಟ ಬರೆದುಕೊಟ್ಟಾಗ ಅಲ್ಲಿಯ ಚಿಕಿತ್ಸಾಲಯದ ಡಾಕ್ಟರು, "ದಿನಕ್ಕೆ ನೂರಿಪ್ಪತ್ತು ಜನರನ್ನ ನೋಡ್ತೀನಿ ಮೇಡಂ, ಒಂದು ಸಾಲಲ್ಲಿ ಕೊಡಿ" ಅಂದರು. ಕೊಟ್ಟೆ. "ಚಿಮಣಿ ಸುತ್ತಿನವರಿಗೆ: ಒಂದೂವರೆ." ಕೆಳಗೆ ನನ್ನ ಸಹಿ, ಸಂಸ್ಥೆಯ ಮೊಹರು. ಅದು ಅವರ ಮೇಜಿನ ಗಾಜಿನ ಕೆಳಗಿದೆ. ನನ್ನ ಪ್ರಬಂಧಗಳನ್ನೆಲ್ಲ ಸೇರಿಸಿದರೂ ಆ ಒಂದು ಸಾಲಿನಷ್ಟು ಕೆಲಸಕ್ಕೆ ಬಂದಿಲ್ಲ.

ಮಾರ್ಚ್ 15, ಶನಿವಾರ

ಅಕ್ಕ ಮೂರು ದಿನದಿಂದ ಊಟ ಮಾಡಿಲ್ಲ. ತಿಂದದ್ದು ನಿಲ್ಲುವುದಿಲ್ಲವಂತೆ, ನಿದ್ದೆ ಇಲ್ಲವಂತೆ, ಎದೆ ಓಡುತ್ತದಂತೆ. ಸೂಜಿಗೆ ದಾರ ಪೋಣಿಸಲು ಹೋಗಿ ಕೈ ನಡುಗಿ ಬಿಟ್ಟುಬಿಟ್ಟಳು. ಪಕ್ಕದ ಮನೆಯ ಕ್ಷೌರಿಕನಿಗೂ ಹಾಗೇ ಅಂತೆ, ಕತ್ತರಿ ಹಿಡಿಯಲಾಗದೆ ಅಂಗಡಿ ಮುಚ್ಚಿದ್ದಾನಂತೆ.

"ಗಾಳಿ ಚೆನ್ನಾಗಿದ್ದರೆ ಹಸಿವು ಜಾಸ್ತಿ ಆಗಬೇಕು, ನಿಂದೇನು ಉಲ್ಟಾ?" ಅಂದೆ.

"ನನಗೇನು ಗೊತ್ತೇ ಪುಟ್ಟಿ. ಉಸಿರು ಮಾತ್ರ ಚೆನ್ನಾಗಿದೆ. ಉಳಿದದ್ದೆಲ್ಲ ಕೆಟ್ಟಿದೆ."

"ಬೀದೀಲೆಲ್ಲ ಅದೇ ಮಾತು," ಎಂದರು ಭಾವ, ಪೇಪರ್ ನನ್ನ ಕಡೆ ತಳ್ಳಿ. ಮೂರನೇ ಪುಟದಲ್ಲಿ ದಪ್ಪ ಅಕ್ಷರ: ಹೊಗೆ ನಿಂತಿತು, ಕಾಯಿಲೆ ಬಂತು. ಕಾರ್ಖಾನೆಯ ವ್ಯವಸ್ಥಾಪಕನ ಹೇಳಿಕೆ: ದುಡಿಮೆ ಹೋದ ಆತಂಕದಿಂದ ಜನ ಹಾಸಿಗೆ ಹಿಡಿಯುತ್ತಿದ್ದಾರೆ.

ಎಂಥ ಲೆಕ್ಕಾಚಾರ! ಹನ್ನೊಂದು ವರ್ಷ ಜನ ಕೆಮ್ಮಿದಾಗ ಅದು ಬಸ್ಸಿನ ಹೊಗೆ. ಒಂದು ವಾರ ವಾಂತಿ ಮಾಡಿದರೆ ಅದು ನನ್ನ ವರದಿಯ ತಪ್ಪು. ಬೀದಿಯವರಿಗೆ ಇದನ್ನು ಹೇಳಿಕೊಟ್ಟಿದ್ದಾರೆ. ಅಕ್ಕನಿಗೆ ಯಾರೂ ಹೇಳಿಕೊಟ್ಟಿರಲಾರರು, ಆದರೆ ನಾಲ್ಕು ಮನೆಯಲ್ಲಿ ಕೇಳಿದ್ದು ಹೊಟ್ಟೆಗೆ ಇಳಿದಿರುತ್ತದೆ. ಅವಳು ಮೊದಲಿನಿಂದಲೂ ಹಾಗೇ, ಎದುರು ಮನೆಯವರಿಗೆ ಹಲ್ಲುನೋವಾದರೆ ಇವಳು ಕೆನ್ನೆ ಹಿಡಿದುಕೊಳ್ಳುತ್ತಾಳೆ.

ಹಾಗೆಂದು ಹೇಳಿಯೂ ಬಿಟ್ಟೆ.

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆಮೇಲೆ, "ನೀನು ನಂಬೋದು ಸೀಸೆಯಲ್ಲಿರೋ ರಕ್ತ ಮಾತ್ರ. ಮೈಯಲ್ಲಿರೋದಲ್ಲ," ಅಂದಳು.

ಹೊರಡುವಾಗ ಬಾಗಿಲವರೆಗೆ ಬರಲಿಲ್ಲ.

ಮಾರ್ಚ್ 18, ಮಂಗಳವಾರ

ಚಿಕಿತ್ಸಾಲಯದ ಡಾಕ್ಟರ ಫೋನು. ಹನ್ನೆರಡು ಜನಕ್ಕೆ ವಾಂತಿ, ನಡುಕ. ಎಲ್ಲರೂ ನನ್ನ ಪಟ್ಟಿಯವರು. "ಏನಿರಬಹುದು ಮೇಡಂ?"

"ನಾಟಕ," ಅಂದೆ.

"ನಾಡಿ ನೂರಮೂವತ್ತು ಓಡೋ ನಾಟಕ ನನಗೂ ಕಲಿಸಿಕೊಡಿ," ಎಂದು ಇಟ್ಟುಬಿಟ್ಟರು. ಸೊಕ್ಕು.

ಮಾರ್ಚ್ 20, ಗುರುವಾರ

ತಿಂಗಳ ರಕ್ತದ ಫಲಿತಾಂಶ ಬಂತು. ಬರೆಯಲೇ ನಾಚಿಕೆಯಾಗುತ್ತದೆ. ಪಟ್ಟಿಯ ಸಂಖ್ಯೆ 9: ಇಮ್ಮಡಿ. 17: ಇಮ್ಮಡಿಗೂ ಹೆಚ್ಚು. 26, ಅಂದರೆ ಅಕ್ಕ: ಎರಡೂವರೆ ಪಟ್ಟು. ನಲವತ್ತಮೂರರಲ್ಲಿ ಮೂವತ್ತೆಂಟು ಸೀಸೆಗಳಲ್ಲಿ ಔಷಧ ಇರಬೇಕಾದ್ದಕ್ಕಿಂತ ಮೇಲೆ. ಒಂದೇ ತಿಂಗಳಲ್ಲಿ ಎಲ್ಲರ ಮೈಯೂ ಒಟ್ಟಿಗೆ ಹುಚ್ಚು ಹಿಡಿಯುವುದಿಲ್ಲ. ಅಳೆದವರು ತಪ್ಪಿದ್ದಾರೆ.

ನಮ್ಮಲ್ಲಿ ಅಳೆಯುವವರು ಹನಿ ಮೇಷ್ಟ್ರು. ಕೊಳವೆಯಿಂದ ಹನಿ ಬಿಡುವಾಗ ಉಸಿರು ಬಿಗಿಹಿಡಿಯುವುದರಿಂದ ಆ ಹೆಸರು. ಇನ್ನು ಎಂಟು ತಿಂಗಳಿಗೆ ನಿವೃತ್ತಿ.

"ಹೋಲಿಸಿ ನೋಡುವ ಮಾದರಿ ದ್ರಾವಣ ತೆಳುವಾಗಿ ಮಾಡಿದ್ದೀರಿ, ಅದಕ್ಕೇ ಎಲ್ಲ ಮೇಲೆ ಹೋಗಿದೆ," ಅಂದೆ. ಎಲ್ಲರೂ ಕೇಳುವಂತೆಯೇ ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತನಾಲ್ಕು ವರ್ಷದಲ್ಲಿ ತೆಳು ಮಾಡಿಲ್ಲ ಮೇಡಂ."

"ಇವತ್ತು ಮಾಡಿದ್ದೀರಿ."

"ಹೊಸದಾಗಿ ಮಾಡ್ತೀನಿ. ನೀವೇ ಪಕ್ಕದಲ್ಲಿ ನಿಂತು ನೋಡಿ. ತೂಕದ ಯಂತ್ರದ ಮೇಲೂ ಅನುಮಾನ ಇದ್ರೆ ಬೇರೆ ಪ್ರಯೋಗಾಲಯದಿಂದ ತರಿಸೋಣ."

ವ್ಯಂಗ್ಯ ಬೇರೆ. ವಿಚಾರಣೆಗೆ ಹದಿಮೂರು ದಿನ ಇರುವಾಗ ಇಂಥ ಅಂಕಿ ಹೊರಗೆ ಹೋದರೆ ಆ ವಕೀಲ ನಮ್ಮ ಹನ್ನೊಂದು ವರ್ಷದ ಅಳತೆಯನ್ನೆಲ್ಲ ಕಸದ ಬುಟ್ಟಿಗೆ ಹಾಕಿಸುತ್ತಾನೆ. ಯಾರಿಗೂ ಅದರ ಚಿಂತೆ ಇಲ್ಲ.

ಮಾರ್ಚ್ 21, ಶುಕ್ರವಾರ

ಪಕ್ಕದಲ್ಲಿ ನಿಂತೆ. ಮೊದಲಿನಿಂದ ಕೊನೆಯವರೆಗೆ. ಅದೇ ಅಂಕಿಗಳು. 26 ಇನ್ನೂ ಸ್ವಲ್ಪ ಮೇಲೆ.

ಹಾಗಾದರೆ ಮಾತ್ರೆ. ಕಂಪನಿಯವರು ಹೆಚ್ಚು ತುಂಬಿದ್ದಾರೆ. ಜನ ಸತ್ತರೂ ಇವರಿಗೆ ಕ್ಯಾರೇ ಇಲ್ಲ. ಚಿಕಿತ್ಸಾಲಯದಿಂದ ಮೂರು ಬೇರೆ ಬೇರೆ ತಯಾರಿಕೆಯ ಮಾತ್ರೆ ತರಿಸಿ ಅರೆಸಿದೆ. ಮಧ್ಯಾಹ್ನದ ಹೊತ್ತಿಗೆ ಹನಿ ಮೇಷ್ಟ್ರು ಚೀಟಿ ತಂದಿಟ್ಟರು. ಮಾತ್ರೆಯಲ್ಲಿ ಎಷ್ಟಿರಬೇಕೋ ಅಷ್ಟೇ ಇದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಈಗ ಯಾರನ್ನು ಬೈತೀರಿ?" ಎಂದು ಕೇಳಿದರು. ಮೆಲ್ಲಗೆ ಕೇಳಿದರು. ನಿಜಕ್ಕೂ ತಿಳಿಯಬೇಕು ಎನ್ನುವ ಹಾಗೆ.

ಮಾರ್ಚ್ 22, ಶನಿವಾರ

ಬೆಳಿಗ್ಗೆ ಅಕ್ಕನಿಗೆ ಫಿಟ್ಸ್ ಬಂತು. ಅಡುಗೆಮನೆಯಲ್ಲಿ ಬಿದ್ದಳು. ತುಟಿ ಕಚ್ಚಿಕೊಂಡಿದ್ದಾಳೆ.

ಆಸ್ಪತ್ರೆಯ ಡಾಕ್ಟರು, ನನ್ನ ಅರ್ಧ ವಯಸ್ಸಿನವಳು, ಮಾತ್ರೆಯ ಪಟ್ಟಿ ನೋಡಿ ಭಾವನನ್ನು ಕೇಳಿದಳು: "ಇವರು ಈಚೆಗೆ ಸಿಗರೇಟು ಬಿಟ್ಟರಾ?"

ಭಾವ ಅಷ್ಟು ಗಾಬರಿಯಲ್ಲೂ ನಕ್ಕರು. "ಸಿಗರೇಟಾ? ಇವಳಾ? ನಾನು ಬೀಡಿ ಸೇದಿ ಬಂದರೆ ಬಾಗಿಲು ತೆಗೀತಿರಲಿಲ್ಲ."

"ಇಲ್ಲ, ಕೇಳಬೇಕಾಗುತ್ತೆ. ಸೇದೋವರು ನಿಲ್ಲಿಸಿದರೆ ಈ ಔಷಧ ಮೈಯಲ್ಲಿ ಏರಿಬಿಡುತ್ತೆ. ಅದಕ್ಕೆ."

ನಾನು ಚೀಲದಿಂದ ಈ ದಿನಚರಿ ತೆಗೆದು ಪುಟ ಹಿಂದಕ್ಕೆ ತಿರುವಿದೆ.

ಬಿಟ್ಟಿದ್ದಾಳೆ. ಏಳನೇ ತಾರೀಕು, ಹತ್ತೂ ಕಾಲಿಗೆ. ಇಡೀ ಬೀದಿ ಬಿಟ್ಟಿತು. ನಾನು ತಾರಸಿಯ ಮೇಲೆ ನಿಂತು ನಿಮಿಷ ಬರೆದುಕೊಂಡೆ.

ಮಾರ್ಚ್ 23, ಭಾನುವಾರ

ಅಕ್ಕ ಕಣ್ಣು ಬಿಟ್ಟಳು. ನನ್ನನ್ನು ಗುರುತಿಸಿದಳು. ಮಾತಾಡಲಿಲ್ಲ, ತುಟಿಗೆ ಹೊಲಿಗೆ ಹಾಕಿದ್ದಾರೆ.

ಡಾಂಬರು ಹೋದರೆ ಪಿತ್ತಜನಕಾಂಗ ಒಂದು ವಾರದಲ್ಲಿ ತಣ್ಣಗಾಗುತ್ತದೆ. ತಣ್ಣಗಾದರೆ ಔಷಧ ನಿಧಾನ ಒಡೆಯುತ್ತದೆ, ಒಂದೂವರೆ ಮಾತ್ರೆ ಮೂರರ ಕೆಲಸ ಮಾಡುತ್ತದೆ. ಇದನ್ನು ನಾನು ಪ್ರಬಂಧಗಳಲ್ಲಿ ಮೂರು ಸಲ ಬರೆದಿದ್ದೇನೆ. ಯಾರಾದರೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಆದರೆ ಆ ಒಂದು ಸಾಲಿನಲ್ಲಿ "ಹೊಗೆ ಇರುವವರೆಗೆ" ಎಂಬ ಎರಡು ಪದ ಇಲ್ಲ. ಯಾಕಿಲ್ಲ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ.

ಹೊಗೆ ನಿಲ್ಲಿಸಲು ಹನ್ನೊಂದು ವರ್ಷ ಬಡಿದಾಡಿದೆ. ನಿಲ್ಲುತ್ತದೆ ಎಂದು ಒಂದು ದಿನವೂ ನಂಬಿರಲಿಲ್ಲ.

ಮಾರ್ಚ್ 24, ಸೋಮವಾರ

ಚಿಕಿತ್ಸಾಲಯದ ಡಾಕ್ಟರಿಗೆ ಶನಿವಾರವೇ ಫೋನು ಮಾಡಿ ಹೇಳಿದ್ದೆ. ಬಂದವರಿಗೆ ಅಳತೆ ಬದಲಿಸಿದ್ದಾರೆ, ಬಾರದವರು ಇಪ್ಪತ್ತೊಂಬತ್ತು ಮಂದಿ, ಅವರ ಮನೆಯಲ್ಲಿ ತಿಂಗಳ ಮಾತ್ರೆ ಇದೆ. "ನೀವು ಮೊಹರು ಹಾಕಿ ಕೊಟ್ಟದ್ದನ್ನ ಮೊಹರು ಹಾಕಿಯೇ ವಾಪಸ್ ತಗೊಳ್ಳಿ. ಔಷಧ ಕೊಡೋನು ಬಾಯಿಮಾತು ಕೇಳಲ್ಲ, ಚೀಟಿ ಕೇಳ್ತಾನೆ," ಅಂದರು.

ನಿರ್ದೇಶಕರ ಬಳಿ ಹೋದೆ. ಪೂರ್ತಿ ಕೇಳಿಸಿಕೊಂಡರು. ಎದ್ದು ಬಾಗಿಲು ಹಾಕಿದರು.

"ವಿಚಾರಣೆ ಯಾವತ್ತು?"

"ಏಪ್ರಿಲ್ ಎರಡು."

"ಹಾಗಾದ್ರೆ ಏಪ್ರಿಲ್ ಮೂರಕ್ಕೆ ಕಾಗದ ಕೊಡಿ. ಅಲ್ಲಿವರೆಗೆ ಬಾಯಲ್ಲಿ ಹೇಳಿ, ಯಾರು ಬೇಡ ಅಂದ್ರು? ಈಗ ಮೊಹರು ಹಾಕಿದ್ರೆ ಆ ವಕೀಲನ ಕೈಗೆ ನೀವೇ ದೊಣ್ಣೆ ಕೊಟ್ಟ ಹಾಗೆ. ಹೊಗೆ ನಿಂತಿದ್ದಕ್ಕೇ ಜನ ಬಿದ್ದರು ಅಂತಾನೆ. ಮತ್ತೆ ಹೊತ್ತಿಸ್ತಾರೆ. ಏಳು ಬೀದಿಯ ಜನ, ಚಿಕ್ಕ ಮಕ್ಕಳು... ನಿಮಗೆ ನಾನು ಹೇಳಬೇಕಾ?"

ಹೇಳಬೇಕಿರಲಿಲ್ಲ. ಅವರು ಹೇಳಿದ ಪ್ರತಿ ಮಾತನ್ನೂ ನಾನು ಮೆಟ್ಟಿಲು ಹತ್ತುವಾಗ ನನಗೇ ಹೇಳಿಕೊಂಡಿದ್ದೆ.

"ಹತ್ತು ದಿನದಲ್ಲಿ ಎಷ್ಟು ಜನ ಅಡುಗೆಮನೆಯಲ್ಲಿ ಬೀಳಬಹುದು ಸಾರ್?"

"ಭಾವುಕರಾಗಬೇಡಿ."

ಮೊಹರು ಗುಮಾಸ್ತರ ಮೇಜಿನ ಮೇಲಿರುತ್ತದೆ. "ಚಿಮಣಿ ಸುತ್ತಿನವರಿಗೆ: ಹೊಗೆ ನಿಂತಿದೆ, ಏರಿದ ಔಷಧ ಇಳಿಯುವವರೆಗೆ ಅರ್ಧ" ಎಂದು ಬರೆದೆ, ಸಹಿ ಮಾಡಿದೆ, ಒತ್ತಿದೆ. ಗುಮಾಸ್ತರು ತಲೆ ಎತ್ತಿ ನೋಡಿ ಮತ್ತೆ ತಮ್ಮ ಕೆಲಸಕ್ಕೆ ತಲೆ ತಗ್ಗಿಸಿದರು.

ಮಾರ್ಚ್ 25, ಮಂಗಳವಾರ

ಹನಿ ಮೇಷ್ಟ್ರು ಕೇಳದೆಯೇ ಜೊತೆಗೆ ಬಂದರು. ಎರಡನೇ ಬೀದಿಯಿಂದ ಶುರು ಮಾಡಿದೆವು.

ಶಾಲೆಯ ಗಂಟೆ ಬಾರಿಸುವವನು ಬಾಗಿಲಲ್ಲೇ ನಿಲ್ಲಿಸಿದ. "ಮೊದಲು ಒಂದು ಅಂದ್ರು. ಆಮೇಲೆ ಒಂದೂವರೆ ಅಂದ್ರಿ. ಈಗ ಅರ್ಧ ಅಂತೀರಿ. ಮುಂದಿನ ವಾರ ಮಾತ್ರೆ ನೋಡಿದ್ರೆ ಸಾಕು ಅಂತೀರಾ?"

ಇಸ್ತ್ರಿ ಅಂಗಡಿಯಾಕೆ ಒಳಗೆ ಕರೆದು ಕೂರಿಸಿದಳು. ಅವಳ ಗಂಡ ಗೋಡೆಗೊರಗಿ ಬಕೆಟ್ಟು ತಬ್ಬಿಕೊಂಡು ಕೂತಿದ್ದ. ಇವನು 17. ಎರಡು ವರ್ಷದಿಂದ ಇವನ ರಕ್ತದ ಗೆರೆ ನೋಡಿದ್ದೇನೆ, ಎಲ್ಲಿ ಏರುತ್ತದೆ ಎಲ್ಲಿ ಇಳಿಯುತ್ತದೆ ಎಂದು ಕಣ್ಣು ಮುಚ್ಚಿ ಬರೆಯಬಲ್ಲೆ. ಎಡಗೈಯಲ್ಲಿ ಎರಡು ಬೆರಳಿಲ್ಲ ಎಂದು ಗೊತ್ತಿರಲಿಲ್ಲ. ಕುಲುಮೆಯ ಬಾಗಿಲಿಗೆ ಸಿಕ್ಕಿತಂತೆ.

ಕ್ಷೌರಿಕ ಮಾತ್ರ ಕೇಳಿದ: "ಇದು ಯಾರ ತಪ್ಪು ಮೇಡಂ?"

"ನನ್ನದು."

"ಸರಿ. ಕೂತ್ಕೊಳಿ, ನೀರು ಕುಡೀರಿ, ಬೆವತಿದ್ದೀರಿ."

ಕ್ಷಮೆಯೂ ಅಲ್ಲ, ಕೋಪವೂ ಅಲ್ಲ. ನೀರು ಕುಡಿದೆ.

ಹದಿನೆಂಟು ಮನೆ ಆಯಿತು. ಹನ್ನೊಂದು ನಾಳೆಗೆ.

ಏಪ್ರಿಲ್ 2, ಬುಧವಾರ

ಕಾಗದ ಕಾರ್ಖಾನೆಯ ವಕೀಲನ ಕೈ ಸೇರಿತ್ತು. ಪಾರದರ್ಶಕ ಹೊದಿಕೆಯೊಳಗೆ ಹಾಕಿ ತಂದಿದ್ದ, ಮದುವೆಯ ಫೋಟೋ ಹಿಡಿಯುವ ಹಾಗೆ ಹಿಡಿದಿದ್ದ.

"ಈ ಸಹಿ ತಮ್ಮದೇ?"

"ನನ್ನದೇ."

"ಹೊಗೆ ಇದ್ದಾಗ ಈ ನಲವತ್ತಮೂರು ಜನ ಈ ಮಾತ್ರೆ ನುಂಗಿ ಆರಾಮಾಗಿದ್ದರು. ಹೊಗೆ ನಿಂತ ಮೇಲೆ ಅದೇ ಮಾತ್ರೆ ನುಂಗಿ ಕಾಯಿಲೆ ಬಿದ್ದರು. ಹೌದೋ ಅಲ್ಲವೋ?"

"ಹೊಗೆ ಇದ್ದದ್ದಕ್ಕೇ ಅವರಿಗೆ ಮಾತ್ರೆ ಬೇಕಾಯಿತು. ಆ ಮಾತ್ರೆಯನ್ನೂ ಹೊಗೆ ಅರ್ಧ ಕದಿಯುತ್ತಿತ್ತು. ಕದ್ದದ್ದನ್ನು ನಾನು ತುಂಬಿಕೊಡುತ್ತಿದ್ದೆ. ಕಳ್ಳತನ ನಿಂತಾಗ ತುಂಬುವುದನ್ನು ನಿಲ್ಲಿಸಲಿಲ್ಲ. ಆ ತಪ್ಪು ನನ್ನದು, ಗಾಳಿಯದಲ್ಲ."

"ಹೌದೋ, ಅಲ್ಲವೋ?"

ಹೇಳಿಕೆ ಟೈಪು ಮಾಡುವವನ ಬೆರಳು ಕೀಲಿಗಳ ಮೇಲೆ ಕಾಯುತ್ತಿತ್ತು. ನಾನು ಹೇಳಿದ ಐದು ವಾಕ್ಯಕ್ಕೆ ಅದು ಅಲ್ಲಾಡಿರಲಿಲ್ಲ. "ಹೌದು," ಅಂದಾಗ ಅಲ್ಲಾಡಿತು.

ಆದೇಶ: ಜನರ ಆರೋಗ್ಯದ ಮೇಲೆ ಕುಲುಮೆ ಆರಿಸಿದ್ದರ ಪರಿಣಾಮವನ್ನು ಪರಿಶೀಲಿಸಲು ತಜ್ಞರ ಸಮಿತಿ. ಸಮಿತಿಯ ವರದಿ ಬರುವವರೆಗೆ ಕುಲುಮೆಗಳನ್ನು ನಡೆಸಬಹುದು. ಆರಿಸಿದ್ದರ ಪರಿಣಾಮ! ಉರಿಸಿದ್ದರ ಪರಿಣಾಮಕ್ಕೆ ಒಂದು ಕಪಾಟು ವರದಿ ಇದೆ. ಅದನ್ನು ಓದಲು ಸಮಿತಿ ಬೇಕಾಗಲಿಲ್ಲ, ಯಾಕೆಂದರೆ ಓದುವವರೇ ಇರಲಿಲ್ಲ.

ಹೊರಗೆ ನಿರ್ದೇಶಕರು ನನ್ನನ್ನು ದಾಟಿ ಕಾರು ಹತ್ತಿದರು. ಮೆಟ್ಟಿಲ ಮೇಲೆ ವ್ಯವಸ್ಥಾಪಕನನ್ನು ತಡೆದು ನಿಲ್ಲಿಸಿದೆ. ಹೊತ್ತಿಸುವ ದಿನ ಮೊದಲೇ ಚಿಕಿತ್ಸಾಲಯಕ್ಕೆ ತಿಳಿಸಿ, ಮಾತ್ರೆಯ ಅಳತೆ ಮತ್ತೆ ಬದಲಾಗುತ್ತದೆ, ಜನಕ್ಕೆ ಏದುಸಿರು ಶುರುವಾಗುವ ಮೊದಲು ನಾವು ರಕ್ತ ತೆಗೆಯಬೇಕು ಅಂದೆ.

"ನೀವೊಂದು ತಮಾಷೆ ಮೇಡಂ," ಅಂದ. "ಕಬ್ಬಿಣ ಕರಗಿಸೋಕೆ ಇನ್ನು ಡಾಕ್ಟರ ಚೀಟಿ ತರಬೇಕಾ?"

ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಹನಿ ಮೇಷ್ಟ್ರು ತೋಳು ಹಿಡಿದು ಕರೆದುಕೊಂಡು ಬಂದರು.

ಏಪ್ರಿಲ್ 4, ಶುಕ್ರವಾರ

ಯಾರಿಗೂ ಹೇಳದೆ ಹೊತ್ತಿಸಿದ್ದಾರೆ. ಬೆಳಿಗ್ಗೆ ಆರೂವರೆಗೆ ಅಕ್ಕನ ಫೋನು. ಹೊಲಿಗೆ ಬಿಚ್ಚಿದ ತುಟಿ, ಮಾತು ಇನ್ನೂ ಒಂದು ಪಕ್ಕಕ್ಕೆ ಜಾರುತ್ತದೆ.

"ಕಿಟಕಿ ಹಾಕಿದೀನಿ ಕಣೇ. ಆದರೂ ಗಂಟಲಿಗೆ ಬಂತು. ನಿಮ್ಮ ಭಾವ ಒದ್ದೆ ಬಟ್ಟೆ ತುರುಕ್ತಾ ಇದಾರೆ ಬಾಗಿಲ ಸಂದಿಗೆ. ಬಾಯಿಗೆ ಬಂದ ಹಾಗೆ ಬೈತಾ ಇದಾರೆ, ಯಾರನ್ನ ಅಂತ ಕೇಳಬೇಡ, ಎಲ್ಲರನ್ನೂ." ಕೆಮ್ಮಿದಳು. "ಈಗ ಎಷ್ಟು ನುಂಗಲಿ? ಅರ್ಧವೋ, ಒಂದೋ, ಒಂದೂವರೆಯೋ?"

ಮೊದಲ ದಿನ ಏರಿಸಬಾರದು. ಎಂಟನೇ ದಿನದವರೆಗೆ ಕಾಯಲೂಬಾರದು. ನಡುವೆ ಯಾವ ದಿನ ಎನ್ನುವುದು ಒಬ್ಬೊಬ್ಬರ ಮೈಗೆ ಒಂದೊಂದು. ಅಕ್ಕನದು ಈಗಷ್ಟೇ ಪೆಟ್ಟು ತಿಂದ ಮೈ.

"ಗೊತ್ತಿಲ್ಲ ಅಕ್ಕ," ಅಂದೆ. "ಇವತ್ತು ಅರ್ಧವೇ ಇರಲಿ. ನಾನು ಬರ್ತೀನಿ, ರಕ್ತ ತೆಗೀತೀವಿ, ನಿನಗೆ ಹೇಗನ್ನಿಸುತ್ತೆ ಅಂತ ನೀನು ಹೇಳು. ನಾಳೆ ಮತ್ತೆ ಬರ್ತೀನಿ."

ಅಕ್ಕ ನಕ್ಕಳು. ಕೆಮ್ಮಿನ ನಡುವೆ, ಹರಿದ ತುಟಿಯಲ್ಲಿ, ನೋವಾಗುತ್ತದೆ ಎಂದು ಗೊತ್ತಿದ್ದೂ ನಕ್ಕಳು. "ರೀ, ಬನ್ನಿ ಇಲ್ಲಿ, ಇವಳಿಗೆ ಗೊತ್ತಿಲ್ವಂತೆ, ಹೇಗನ್ನಿಸುತ್ತೆ ಅಂತ ನನ್ನನ್ನೇ ಕೇಳ್ತಾಳಂತೆ," ಎಂದು ಭಾವನನ್ನೂ ಕೂಗಿದಳು.

ಗಂಟಲಿಗೆ ಹೊಗೆ ಕೂತಿರುವಾಗ ಇದರಲ್ಲಿ ನಗುವಂಥದ್ದು ಏನಿತ್ತೋ. ಕೋಪ ಬಂತು. ಹನಿ ಮೇಷ್ಟ್ರು ಸೀಸೆ ತುಂಬಿದ ಪೆಟ್ಟಿಗೆ ಹಿಡಿದು ಬೀದಿಯ ತುದಿಯಲ್ಲಿ ಕಾಯುತ್ತಿರುತ್ತಾರೆ. ನಲವತ್ತಮೂರು ಮನೆ, ಇಬ್ಬರು. ಹೊರಟೆ.